ಬಾಯಿ ಹೇಳಿತು, ಕೈ ಏಳಲಿಲ್ಲ: ಮಂಗಳೂರು ವಿಮಾನ ದುರಂತದ ಕೊನೆಯ ನಿಮಿಷಗಳು

ಮಂಗಳೂರು ವಿಮಾನ ದುರಂತದ ತನಿಖಾ ವರದಿಯ ಒಂದು ಮಾತು ನನ್ನನ್ನು ವರ್ಷಗಳಿಂದ ಕಾಡುತ್ತಿದೆ. ಸಹ ಪೈಲಟ್ ಇಳಿಯುವುದು ಬೇಡವೆಂದು ಮತ್ತೆ ಮತ್ತೆ ಹೇಳಿದರು, ಆದರೆ ವಿಮಾನದ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಎಂಬುದು ಅದರ ಸಾರ. ಹೇಳಿದವರಿಗೆ ಅಪಾಯ ಗೊತ್ತಿತ್ತು. ಕೇಳಿಸಿಕೊಂಡವರಿಗೂ ಗೊತ್ತಿತ್ತು ಎನ್ನಲು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಪುರಾವೆ ಇದೆ. ಇಬ್ಬರಿಗೂ ತಿಳಿದಿದ್ದ ಸಂಗತಿ ಇಬ್ಬರ ನಡುವೆಯೇ ಉಳಿದು, 158 ಜನ ಸತ್ತರು.

ಮನಸ್ಸು ಎರಡು ಕಡೆ ಎಳೆಯುವಾಗ ನಿರ್ಧಾರ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಈ ಪ್ರಕರಣ. ಸಾಮಾನ್ಯವಾಗಿ ನಾವು ಇಂಥ ಸಂದರ್ಭವನ್ನು ಬುದ್ಧಿ ಮತ್ತು ಭಾವನೆಯ ಜಗಳ ಎಂದು ಭಾವಿಸುತ್ತೇವೆ. ಬುದ್ಧಿಯ ಮಾತು ಕೇಳು ಎಂದು ಒಬ್ಬರು, ಒಳಮನಸ್ಸಿನ ಮಾತು ಕೇಳು ಎಂದು ಇನ್ನೊಬ್ಬರು ಬುದ್ಧಿವಾದ ಹೇಳುತ್ತಾರೆ. ಆ ದಿನ ಬೆಳಗ್ಗೆ ನಡೆದ ಜಗಳ ಒಳಮನಸ್ಸಿನ ಒಳಗೇ ನಡೆಯಿತು. ಎರಡೂ ಕಡೆ ಇದ್ದದ್ದು ಹುಟ್ಟರಿವು, ಯೋಚಿಸುವ ಮೊದಲೇ ಏಳುವ ಒಳದನಿ. ಎರಡೂ ಅದೇ ಎದೆಯಿಂದ ಬಂದವು, ಎರಡೂ ಒಂದೇ ಸಮನೆ ನಿಜ ಎನಿಸುವಂಥವು. ಹಾಗಿದ್ದಾಗ ಒಳಮನಸ್ಸಿನ ಮಾತು ಕೇಳು ಎಂಬ ಬುದ್ಧಿವಾದ ಯಾವ ಉಪಯೋಗಕ್ಕೂ ಬರುವುದಿಲ್ಲ.

ರಾತ್ರಿಯ ಪ್ರಯಾಣ

2010ರ ಮೇ 21ರ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ಮಂಗಳೂರಿನಿಂದ ದುಬೈಗೆ ಹೋಯಿತು. ಅದೇ ವಿಮಾನ, ಅದೇ ಸಿಬ್ಬಂದಿ, ಅದೇ ರಾತ್ರಿ ಮರಳಿ ಹೊರಟರು. ಕೊಲ್ಲಿಯಲ್ಲಿ ದುಡಿಯುವವರು, ರಜೆಗೆ ಬರುವವರು, ಮನೆಯ ಮದುವೆ ಮರಣಗಳಿಗೆ ಧಾವಿಸುವವರು ಏರುವ ವಿಮಾನ ಇದು. ಅದರಲ್ಲಿದ್ದ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ಪ್ರಯಾಣಿಕರು 160, ಸಿಬ್ಬಂದಿ 6.

ಕ್ಯಾಪ್ಟನ್ ವಿದೇಶಿ, 10,000 ತಾಸಿಗೂ ಹೆಚ್ಚು ಹಾರಾಟದ ಅನುಭವ ಇದ್ದವರು. ಮಂಗಳೂರಿನಲ್ಲಿ ಅವರು ಹಿಂದೆ 16 ಬಾರಿ ವಿಮಾನ ಇಳಿಸಿದ್ದರು. ಪಕ್ಕದ ಸೀಟಿನ ಸಹ ಪೈಲಟ್ ಭಾರತೀಯರು, ಮಿತಭಾಷಿ, ನಿಯಮ ಪಾಲನೆಯಲ್ಲಿ ಕಟ್ಟುನಿಟ್ಟಿನವರು ಎಂದು ವರದಿ ಹೇಳುತ್ತದೆ. ಅವರು ಈ ನಿಲ್ದಾಣಕ್ಕೆ ಸಹ ಪೈಲಟ್ ಆಗಿ 66 ಬಾರಿ ಬಂದುಹೋಗಿದ್ದರು. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಅಧಿಕಾರ ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿನಲ್ಲಿತ್ತು. ಗುಡ್ಡದ ಮೇಲಿನ ಈ ನಿಲ್ದಾಣದ ಪರಿಚಯ ಹೆಚ್ಚಾಗಿ ಇದ್ದದ್ದು ಬಲಗಡೆಯ ಸೀಟಿನಲ್ಲಿ. ಮಂಗಳೂರಿನಂಥ ಕಠಿಣ ನಿಲ್ದಾಣದಲ್ಲಿ ವಿಮಾನ ಏರಿಸುವುದು, ಇಳಿಸುವುದು ಕ್ಯಾಪ್ಟನ್ ಮಾತ್ರ ಮಾಡಬೇಕು ಎಂಬ ವಿಶೇಷ ನಿಯಮವೂ ಈ ಸಂಸ್ಥೆಯಲ್ಲಿತ್ತು. ಸುರಕ್ಷತೆಗೆಂದೇ ಮಾಡಿದ ನಿಯಮ ಅದು. ಆದರೆ 66 ಬಾರಿ ಬಂದವರಿಗೆ ಅದು ಪ್ರತಿ ಸಲವೂ ಕಲಿಸಿದ್ದು ಒಂದೇ ಪಾಠ: ಇಲ್ಲಿ ಚುಕ್ಕಾಣಿ ನಿನ್ನದಲ್ಲ.

ಬಜಪೆಯ ನಿಲ್ದಾಣವನ್ನು ಕಂಡವರಿಗೆ ಅದರ ನೆಲೆ ಗೊತ್ತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿದ ರನ್‌ವೇ, ಅಂಚು ದಾಟಿದರೆ ಕಣಿವೆ. ಅದನ್ನು ಟೇಬಲ್‌ಟಾಪ್ ಎನ್ನುತ್ತಾರೆ. 2006ರಲ್ಲಿ ಬಳಕೆಗೆ ಬಂದ ಹೊಸ ರನ್‌ವೇಯ ಉದ್ದ 8,033 ಅಡಿ. ಈ ಗಾತ್ರದ ವಿಮಾನಕ್ಕೆ ಅದು ಸಾಕಷ್ಟು ಉದ್ದ. ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ ಚಕ್ರ ತಾಗಿದರೆ ನಿಲ್ಲಲು ಜಾಗ ಮಿಗುತ್ತದೆ. ನಾನು ಆ ಗುಡ್ಡದ ಮೇಲೆ ಎಷ್ಟೋ ಬಾರಿ ಇಳಿದಿದ್ದೇನೆ. ಕಿಟಕಿಯಲ್ಲಿ ಅಡಿಕೆ ತೋಟ, ಹೆಂಚಿನ ಮಾಡು, ಕೆಂಪು ಮಣ್ಣು ಕಾಣುತ್ತಿದ್ದಂತೆ ಥಟ್ಟನೆ ನೆಲ ಮೇಲೆದ್ದು ಬಂದ ಹಾಗೆ ಆಗುತ್ತದೆ. ಮನೆ ಬಂತು ಎನ್ನುವ ಆ ಕ್ಷಣದ ಸಮಾಧಾನವನ್ನು ಬಲ್ಲ ಕಾರಣಕ್ಕೇ ಈ ಪ್ರಕರಣವನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಧ್ವನಿಮುದ್ರಕದಲ್ಲಿ ಸಿಕ್ಕಿದ್ದು 2 ತಾಸು 5 ನಿಮಿಷಗಳ ಮುದ್ರಣ. ಅದರ ಮೊದಲ 1 ತಾಸು 40 ನಿಮಿಷ ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ನಡುನಡುವೆ ಗೊರಕೆಯ ಸದ್ದೂ ದಾಖಲಾಗಿದೆ. ಕಾಕ್‌ಪಿಟ್‌ನಲ್ಲಿ ಸರದಿಯ ಮೇಲೆ ತುಸು ಕಣ್ಣು ಮುಚ್ಚುವುದು ತಪ್ಪಲ್ಲ. ನಾಸಾ ನಡೆಸಿದ ಪ್ರಯೋಗಗಳಲ್ಲಿ 40 ನಿಮಿಷಗಳ ವಿಶ್ರಾಂತಿ ಪೈಲಟ್‌ಗಳ ಎಚ್ಚರವನ್ನು ಹೆಚ್ಚಿಸಿದ್ದು ಕಂಡುಬಂದಿದೆ. ನಿದ್ರೆ ಅದಕ್ಕಿಂತ ಬಹಳ ಉದ್ದವಾದರೆ ಮೆದುಳು ಆಳದ ನಿದ್ರೆಗೆ ಜಾರುತ್ತದೆ. ಅಲ್ಲಿಂದ ಎದ್ದವರು ಕಣ್ಣು ತೆರೆದಿದ್ದರೂ, ಮಾತನಾಡುತ್ತಿದ್ದರೂ, ಸ್ವಲ್ಪ ಹೊತ್ತು ತೀರ್ಮಾನ ಮಾಡುವ ಶಕ್ತಿ ಮಂಕಾಗಿರುತ್ತದೆ. ದೇಹ ತಾನಾಗಿಯೇ ನಿದ್ರೆ ಬೇಡುವ ನಸುಕಿನ ಹೊತ್ತಿನಲ್ಲಿ ಈ ಮಂಕು ಇನ್ನೂ ಗಾಢ. ತನಿಖಾ ನ್ಯಾಯಾಲಯ ಇದನ್ನು ದುರಂತಕ್ಕೆ ಪೂರಕವಾದ ಕಾರಣಗಳಲ್ಲಿ ಒಂದಾಗಿ ಪಟ್ಟಿ ಮಾಡಿತು.

ಎತ್ತರದ ಲೆಕ್ಕ

ವಿಮಾನ 37,000 ಅಡಿ ಎತ್ತರದಲ್ಲಿ ಬರುತ್ತಿತ್ತು. ಇಳಿಯುವ ದಾರಿಯ ಸರಳ ಲೆಕ್ಕ ಹೀಗೆ: ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ಹಾಗಾದರೆ 37,000 ಅಡಿ ಇಳಿಯಲು 120 ಮೈಲಿಗಳಷ್ಟು ದೂರ ಬೇಕು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲ. ರಾಡಾರ್ ಇಲ್ಲದಾಗ ನಿಯಂತ್ರಣ ಕೇಂದ್ರದವರು ವಿಮಾನಗಳ ನಡುವೆ ಹೆಚ್ಚು ಅಂತರ ಕಾಯ್ದುಕೊಳ್ಳಬೇಕಾಗುತ್ತದೆ. ಸಹ ಪೈಲಟ್ ಸಕಾಲದಲ್ಲಿಯೇ ಇಳಿಯಲು ಅನುಮತಿ ಕೇಳಿದರು. ಸಿಗಲಿಲ್ಲ. ಕೊನೆಗೆ ಇಳಿಯಲು ಆರಂಭಿಸಿದ್ದು ನಿಲ್ದಾಣ 77 ಮೈಲಿ ದೂರ ಇರುವಾಗ.

ಇಲ್ಲಿಯ ತನಕ ಯಾರ ತಪ್ಪೂ ಇಲ್ಲ. ಎತ್ತರ ಉಳಿದುಹೋಗುವುದು ಪೈಲಟ್‌ಗಳಿಗೆ ದಿನನಿತ್ಯದ ಸಂಗತಿ. ರೆಕ್ಕೆಯ ಮೇಲಿನ ವೇಗತಡೆಗಳನ್ನು ಎತ್ತಬಹುದು, ಚಕ್ರಗಳನ್ನು ಬೇಗ ಇಳಿಸಬಹುದು, ಇವೆರಡೂ ಸಾಲದಿದ್ದರೆ ಆಕಾಶದಲ್ಲಿ ಒಂದು ಸುತ್ತು ಹೊಡೆಯಬಹುದು. ಆ ದಿನ ಮೊದಲಿನ ಎರಡನ್ನೂ ಮಾಡಿದರು. ಚಕ್ರಗಳು 8,500 ಅಡಿಯಲ್ಲಿಯೇ ಹೊರಬಂದವು. ಮೂರನೆಯದನ್ನು ಮಾಡಲಿಲ್ಲ. ಇಳಿಯುವ ಮೊದಲು ಇಬ್ಬರೂ ಕೂತು ಮಾಡಬೇಕಾದ ಸಮಾಲೋಚನೆಯೂ ಅರೆಬರೆಯಾಗಿತ್ತು. ಒಂದು ಸುತ್ತಿಗೆ ಬೇಕಿದ್ದದ್ದು ಕೆಲವು ನಿಮಿಷ, ಒಂದಿಷ್ಟು ಇಂಧನ. ಆ ಸುತ್ತು ಅಲ್ಲಿ ತಪ್ಪಿದ್ದರಿಂದ ಮುಂದಿನ ಎಲ್ಲ ಆಯ್ಕೆಗಳೂ ಒಂದೊಂದಾಗಿ ದುಬಾರಿಯಾಗುತ್ತ ಹೋದವು.

ಒಂದು ನಿಮಿಷ

ನಿಲ್ದಾಣ ಎರಡೂವರೆ ಮೈಲಿ ದೂರ ಇರುವಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಮಳೆ ಇರಲಿಲ್ಲ. ಗಾಳಿ ಇರಲಿಲ್ಲ. 6 ಕಿಲೋಮೀಟರ್ ತನಕ ಕಣ್ಣಿಗೆ ಕಾಣುತ್ತಿತ್ತು. ರನ್‌ವೇ ನೇರ ಕೆಳಗೆ ಕಂಡಿತು. ತುಂಬಾ ಎತ್ತರದಲ್ಲಿದ್ದೇವೆ ಎಂದು ಸಹ ಪೈಲಟ್ ಹೇಳಿದರು. ಕ್ಯಾಪ್ಟನ್ ಬಾಯಿಯಿಂದ ದೇವರ ಹೆಸರಿನ ಉದ್ಗಾರ ಹೊರಟಿತು. ಅವರಿಗೂ ಗೊತ್ತಿತ್ತು ಎಂದು ಮೊದಲೇ ಹೇಳಿದೆನಲ್ಲ, ಆ ಪುರಾವೆ ಇದು. ಅರಿವು ಬಂದ ಆ ಕ್ಷಣದಲ್ಲಿ ಅವರು ಆಟೋಪೈಲಟ್ ಬಿಡಿಸಿ, ಮೂತಿಯನ್ನು ಕೆಳಗೆ ಒತ್ತಿದರು. ಸಾಮಾನ್ಯವಾಗಿ ನಿಮಿಷಕ್ಕೆ ಏಳೆಂಟುನೂರು ಅಡಿ ಇಳಿಯಬೇಕಾದ ವಿಮಾನ ಸುಮಾರು 4,000 ಅಡಿಯ ವೇಗದಲ್ಲಿ ಇಳಿಯತೊಡಗಿತು. ನೆಲ ಹತ್ತಿರ ಬರುತ್ತಿದೆ, ಇಳಿಯುವ ವೇಗ ಮಿತಿ ಮೀರಿದೆ, ಮೇಲೆಳೆ ಎಂದು ಯಂತ್ರದ ಎಚ್ಚರಿಕೆಗಳು ಒಂದರ ಮೇಲೊಂದು ಕೂಗಿದವು.

ಸಹ ಪೈಲಟ್ ಗೋ ಅರೌಂಡ್ ಎಂದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ ಎಂಬುದಕ್ಕೆ ವಿಮಾನಯಾನದಲ್ಲಿ ಇರುವ ಮಾತು ಅದು. ಮತ್ತೊಮ್ಮೆ ಹೇಳುವಾಗ ಕಾರಣವನ್ನೂ ಸೇರಿಸಿದರು: ವಿಮಾನ ಸ್ಥಿರವಾಗಿಲ್ಲ, ಅಂದರೆ ವೇಗ, ದಾರಿ, ಇಳಿಯುವ ಗತಿ ಮಿತಿಯೊಳಗಿಲ್ಲ.

ಎರಡೂವರೆ ಮೈಲಿಯಿಂದ ರನ್‌ವೇಯ ಅಂಚಿಗೆ, ಆ ವೇಗದಲ್ಲಿ, ಒಂದು ನಿಮಿಷಕ್ಕೂ ಕಡಿಮೆ. ಈ ಒಂದು ನಿಮಿಷದೊಳಗೆ ಇಬ್ಬರ ಒಳಗೂ ಏನೇನು ಎಳೆದಾಡಿತು ಎಂದು ಯೋಚಿಸಿ ನೋಡುತ್ತೇನೆ. ಇಬ್ಬರೂ ಈಗ ಇಲ್ಲ, ಹಾಗಾಗಿ ಇದು ನನ್ನ ಓದು ಮಾತ್ರ.

ಕ್ಯಾಪ್ಟನ್‌ಗೆ ಎರಡು ಸೂಚನೆಗಳು ಒಟ್ಟಿಗೆ ಸಿಗುತ್ತಿದ್ದವು. ಎತ್ತರ ಹೆಚ್ಚಾಯಿತು ಎಂಬ ಬೆಚ್ಚಿಬೀಳುವಿಕೆ ಒಂದು. ರನ್‌ವೇ ಕಾಣುತ್ತಿದೆ, ಇಷ್ಟು ವರ್ಷ ಇಳಿಸಿದ ಹಾಗೆಯೇ ಇದನ್ನೂ ಇಳಿಸಬಲ್ಲೆ ಎಂಬ ಕೈಯ ಅಭ್ಯಾಸ ಇನ್ನೊಂದು. ಈ ಎರಡನೆಯದಕ್ಕೆ ಬಲ ಹೆಚ್ಚು. ಯಾಕೆಂದರೆ ಅದು ಸಾವಿರಾರು ಬಾರಿ ಸರಿಯಾಗಿತ್ತು. ಹೆಚ್ಚು ಬಾರಿ ಗೆದ್ದ ಹುಟ್ಟರಿವಿನ ದನಿ ಯಾವಾಗಲೂ ದೊಡ್ಡದು. ಅಪರೂಪಕ್ಕೆ ಏಳುವ ದನಿಗೆ ಹೇಳಿಕೊಳ್ಳಲು ಚರಿತ್ರೆಯೇ ಇರುವುದಿಲ್ಲ. ಮೇಲಾಗಿ ಇಳಿಯುವುದು ಮುಗಿಸುವ ಕೆಲಸ, ಮೇಲೇರುವುದು ಎಲ್ಲವನ್ನೂ ಮೊದಲಿನಿಂದ ತೊಡಗುವ ಕೆಲಸ. ರಾತ್ರಿಯಿಡೀ ಹಾರಿ, ಆಳದ ನಿದ್ರೆಯಿಂದ ಎದ್ದ ಮೆದುಳಿಗೆ ದಡ ಕಾಣುತ್ತಿರುವಾಗ ಮತ್ತೆ ನಡುನೀರಿಗೆ ಹೋಗೋಣ ಎಂಬ ಮಾತು ರುಚಿಸುವುದಿಲ್ಲ.

ಸಹ ಪೈಲಟ್‌ನ ಒಳಗಿನ ಎಳೆದಾಟ ಬೇರೆ ಬಗೆಯದು. ಇದು ತಪ್ಪು ಎಂಬುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. 66 ಬಾರಿ ಕಂಡ ನೋಟದ ಜೊತೆಗೆ ಈ ನೋಟ ಹೊಂದುತ್ತಿರಲಿಲ್ಲ. ಬಾಯಿ ತೆರೆದು ಹೇಳಿಯೂ ಬಿಟ್ಟರು. ಆದರೆ ಕೈ ಏಳಬೇಕಾದ ಜಾಗದಲ್ಲಿ ಇನ್ನೊಂದು ಹುಟ್ಟರಿವು ಅಡ್ಡ ನಿಂತಿತು. ಹಿರಿಯರ ಕೈಯಿಂದ ಕಸಿಯಬಾರದು ಎಂಬುದು ನಮ್ಮಲ್ಲಿ ಬಾಲ್ಯದಿಂದ ಬಂದದ್ದು. ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬಾರದು. ಅದರ ಹಿಂದೆ ಗಟ್ಟಿಯಾದ ಕಾರಣವೂ ಇದೆ. ನೆಲಕ್ಕೆ ಕೆಲವೇ ನೂರು ಅಡಿ ಇರುವಾಗ ಒಬ್ಬ ಪೈಲಟ್ ತಳ್ಳುತ್ತ, ಇನ್ನೊಬ್ಬ ಎಳೆಯುತ್ತ ಇದ್ದರೆ ವಿಮಾನ ಇಬ್ಬರ ಮಾತನ್ನೂ ಕೇಳುವುದಿಲ್ಲ. ಇಬ್ಬರು ಹೊಡೆದಾಡುವ ಕಾಕ್‌ಪಿಟ್‌ಗಿಂತ ಒಬ್ಬರು ತಪ್ಪು ಮಾಡುವ ಕಾಕ್‌ಪಿಟ್ ಮೇಲು ಎಂಬ ಲೆಕ್ಕ ಅವರ ದೇಹದಲ್ಲಿ ಎಲ್ಲೋ ಓಡಿರಬಹುದು. ಅಂದರೆ ಎರಡೂ ಸೂಚನೆಗಳು ಸುರಕ್ಷತೆಯ ಹೆಸರಿನಲ್ಲಿಯೇ ಬರುತ್ತಿದ್ದವು. ಇಳಿಯುವುದು ಅಪಾಯ. ತಡೆಯುವುದೂ ಅಪಾಯ.

ಸಹ ಪೈಲಟ್ ಯಾವಾಗ ನಿಯಂತ್ರಣ ತೆಗೆದುಕೊಳ್ಳಬಹುದು ಎಂಬ ಬಗ್ಗೆ ಇದ್ದ ಸೂಚನೆಗಳಲ್ಲಿ ಸ್ಪಷ್ಟತೆ ಇರಲಿಲ್ಲ, ಬಹುಶಃ ಆ ಕಾರಣಕ್ಕೇ ಅವರು ಮತ್ತೆ ಮತ್ತೆ ಹೇಳಿದರೂ ಕೈಹಾಕಲಿಲ್ಲ ಎಂದು ತನಿಖಾ ವರದಿ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ನಡುಗಂಬ ಇದು. ಕಾಗದದ ಮೇಲೆ ಮಸುಕಾಗಿದ್ದ ವಾಕ್ಯ, ಒಂದು ನಿಮಿಷದ ಗಡುವಿನಲ್ಲಿ ಒಬ್ಬ ಮನುಷ್ಯನ ತೋಳಿನ ಸ್ನಾಯುಗಳಲ್ಲಿ ಮಸುಕಾಗಿ ನಿಂತಿತು.

ಹೌದು ಎಂಬ ಉತ್ತರ

ಈ ಪ್ರಕರಣವನ್ನು ಚರ್ಚಿಸುವವರು ಸಾಮಾನ್ಯವಾಗಿ ಗೋ ಅರೌಂಡ್ ಎಂಬ ಕೂಗಿನ ಮೇಲೆಯೇ ನಿಲ್ಲುತ್ತಾರೆ. ನಾನು ಬೇರೊಂದು ಕಡೆ ನಿಲ್ಲುತ್ತೇನೆ. ಈ ಗೊಂದಲದ ನಡುವೆ ನಿಯಂತ್ರಣ ಗೋಪುರದಿಂದ ಒಂದು ಪ್ರಶ್ನೆ ಬಂತು. ಇಳಿಯುವ ದಾರಿಯ ಮೇಲೆ ಸರಿಯಾಗಿ ನೆಲೆಯಾಗಿದ್ದೀರಾ ಎಂದು. ಹೌದೆನ್ನು ಎಂದು ಕ್ಯಾಪ್ಟನ್ ಒತ್ತಾಯಿಸುವ ದನಿ ಮುದ್ರಣದಲ್ಲಿದೆ. ಸಹ ಪೈಲಟ್ ಹೌದು ಎಂದರು. ಗೋಪುರ ಇಳಿಯಲು ಅನುಮತಿ ಕೊಟ್ಟಿತು.

ರೇಡಿಯೊದಲ್ಲಿ ಉತ್ತರ ಹೇಳುವುದು ಸಹ ಪೈಲಟ್‌ನ ಕೆಲಸ. ಅಲ್ಲಿ ಯಾರ ಕೈಯಿಂದಲೂ ಏನನ್ನೂ ಕಸಿಯಬೇಕಾಗಿರಲಿಲ್ಲ. ಇಲ್ಲ, ಮತ್ತೆ ಮೇಲೇರುತ್ತಿದ್ದೇವೆ ಎಂಬ ಮಾತು ಅವರ ಅಧಿಕಾರದ ಒಳಗೇ ಇತ್ತು. ಅದನ್ನು ಹೇಳಿದ್ದರೆ ಕಾಕ್‌ಪಿಟ್‌ನೊಳಗೆ ಮೂರನೆಯ ವ್ಯಕ್ತಿ ಬಂದು ಕೂತಂತಾಗುತ್ತಿತ್ತು. ಗೋಪುರ ಮೇಲೇರುವ ಸೂಚನೆ ಕೊಡುತ್ತಿತ್ತು, ಇಳಿಯುವ ಅನುಮತಿಯೇ ಇರುತ್ತಿರಲಿಲ್ಲ. ಆಗ ಮುಂದುವರಿಯುವುದು ಕ್ಯಾಪ್ಟನ್‌ಗೆ ಇನ್ನಷ್ಟು ಕಷ್ಟ, ತಡೆಯುವುದು ಸಹ ಪೈಲಟ್‌ಗೆ ಇನ್ನಷ್ಟು ಸುಲಭ ಆಗುತ್ತಿತ್ತು. ತನ್ನ ಕಣ್ಣು ಇಲ್ಲ ಎನ್ನುತ್ತಿರುವಾಗ ಬಾಯಿ ಹೌದು ಎಂದ ಆ ಅರೆಗಳಿಗೆಯೇ ಈ ಪ್ರಕರಣದ ತಿರುವು ಎಂದು ನಾನು ನಂಬುತ್ತೇನೆ. ಒಮ್ಮೆ ಹೌದೆಂದ ಮೇಲೆ ಮನುಷ್ಯ ಆ ಹೌದಿನ ಕಡೆಗೇ ವಾಲುತ್ತಾನೆ.

ಇದನ್ನು ಬರೆಯುವಾಗ ನನಗೆ ಅಂಜಿಕೆ ಇದೆ. ಬೆಚ್ಚನೆಯ ಕೋಣೆಯಲ್ಲಿ ಕೂತು, ತಿರುಗಿ ತಿರುಗಿ ಓದಲು ಬಿಡುವಿರುವ ನಾನು, ಒಂದು ನಿಮಿಷವೂ ಸಿಗದಿದ್ದ ಒಬ್ಬರ ಬಗ್ಗೆ ತೀರ್ಪು ಕೊಡುತ್ತಿದ್ದೇನೆ. ಅವರು ಸತ್ಯವನ್ನು ಹೇಳಿದ ಮನುಷ್ಯ ಎಂಬುದನ್ನು ಮರೆಯಬಾರದು. ಆ ಕಾಕ್‌ಪಿಟ್‌ನಲ್ಲಿ ಸರಿಯಾದ ಮಾತನ್ನು ಸರಿಯಾದ ಹೊತ್ತಿನಲ್ಲಿ ಆಡಿದ ಏಕೈಕ ವ್ಯಕ್ತಿ ಅವರೇ.

ತಡವಾಗಿ ಒಪ್ಪಿಕೊಂಡ ಮಾತು

ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ (ತಾಸಿಗೆ 144 ನಾಟಿಕಲ್ ಮೈಲಿ) ವೇಗದಲ್ಲಿ ದಾಟಬೇಕಿದ್ದ ವಿಮಾನ 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಹೆಚ್ಚಿನ ವೇಗದಲ್ಲಿ ದಾಟಿತು. ನೆಲದ ಮೇಲೆ ತೇಲುತ್ತ ಹೋಗಿ, ಚಕ್ರಗಳು ಕೊನೆಗೆ ಊರಿದ್ದು ಅಂಚಿನಿಂದ ಸುಮಾರು 5,200 ಅಡಿ ಒಳಗೆ. ಉಳಿದದ್ದು 2,800 ಅಡಿ.

ಆಶ್ಚರ್ಯವೆಂದರೆ ಇನ್ನೂ ಎಲ್ಲ ಮುಗಿದಿರಲಿಲ್ಲ. ಚಕ್ರ ಊರಿದೊಡನೆ ಥ್ರಸ್ಟ್ ರಿವರ್ಸರ್ (ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಮತ್ತು ಬ್ರೇಕ್‌ಗಳನ್ನು ಪೂರ್ತಿ ಬಳಸಿದ್ದರೆ ವಿಮಾನ ಸುಮಾರು 7,600 ಅಡಿಯ ಹೊತ್ತಿಗೆ ನಿಲ್ಲಬಹುದಿತ್ತು ಎಂದು ಬೋಯಿಂಗ್ ತನಿಖೆಗೆ ಲೆಕ್ಕ ಕೊಟ್ಟಿತು. 8,033 ಅಡಿಯ ರನ್‌ವೇಯ ಒಳಗೇ. ಕ್ಯಾಪ್ಟನ್ ರಿವರ್ಸರ್ ತೆರೆದರು, ಬ್ರೇಕ್ ಒತ್ತಿದರು. ಆರು ಸೆಕೆಂಡುಗಳೊಳಗೆ ಮನಸ್ಸು ಬದಲಾಯಿಸಿ, ಎಂಜಿನ್‌ಗಳಿಗೆ ಬಲ ಕೊಟ್ಟು ಮತ್ತೆ ಮೇಲೇರಲು ಹೊರಟರು. ರಿವರ್ಸರ್ ತೆರೆದ ಮೇಲೆ ನಿಲ್ಲಿಸಲೇಬೇಕು, ಮೇಲೇರುವ ಯೋಚನೆಯನ್ನೇ ಮಾಡಬಾರದು ಎಂಬುದು ಬೋಯಿಂಗ್‌ನ ಸ್ಪಷ್ಟ ನಿಯಮ. ಗಾಳಿಯನ್ನು ಮುಂದಕ್ಕೆ ತಿರುಗಿಸುವ ಆ ತೆರೆಗಳು ಮುಚ್ಚಿಕೊಂಡು ಎಂಜಿನ್ ಮತ್ತೆ ಪೂರ್ಣ ಬಲಕ್ಕೆ ಬರಲು ಹಿಡಿಯುವ ಸೆಕೆಂಡುಗಳಲ್ಲಿ ರನ್‌ವೇ ಮುಗಿದುಹೋಗಿರುತ್ತದೆ. ರನ್‌ವೇ ಉಳಿದಿಲ್ಲ ಎಂದು ಸಹ ಪೈಲಟ್ ಹೇಳಿದ್ದು ಮುದ್ರಣದ ಕೊನೆಯ ಮಾತುಗಳಲ್ಲಿ ಒಂದು.

ಸಹ ಪೈಲಟ್ ಗಾಳಿಯಲ್ಲಿ ಹೇಳಿದ್ದನ್ನೇ ಕ್ಯಾಪ್ಟನ್ ನೆಲದ ಮೇಲೆ ಮಾಡಿದರು. ಅದೇ ನಿರ್ಧಾರ. ಒಂದು ನಿಮಿಷ ಮುಂಚೆ ಅದು 166 ಜನರನ್ನೂ ಉಳಿಸುತ್ತಿತ್ತು. ಬ್ರೇಕ್ ಒತ್ತಿ ಕೆಲವು ಸೆಕೆಂಡು ಕಳೆದ ಮೇಲೆ ಅದೇ ಕೊಂದಿತು. ಒತ್ತಿಟ್ಟ ಭಯ ಎಲ್ಲಿಗೂ ಹೋಗುವುದಿಲ್ಲ. ಅದು ಒಳಗೇ ಕಾಯುತ್ತಿದ್ದು, ದೊಡ್ಡ ದನಿ ಸುಮ್ಮನಾದೊಡನೆ ಹೊರಬಂದು ಕೈಗಳನ್ನು ಹಿಡಿಯುತ್ತದೆ. ಅಷ್ಟರಲ್ಲಿ ಸುತ್ತಲಿನ ಸ್ಥಿತಿ ಬದಲಾಗಿರುತ್ತದೆ, ಅದಕ್ಕೆ ಅದು ತಿಳಿಯುವುದಿಲ್ಲ. ಎರಡು ಮನಸ್ಸಿನವರು ಮಾಡುವ ಅತಿ ದೊಡ್ಡ ಹಾನಿ ತಪ್ಪು ಬದಿಯನ್ನು ಆರಿಸುವುದರಿಂದ ಆಗುವುದಿಲ್ಲ, ನಡುದಾರಿಯಲ್ಲಿ ಬದಿ ಬದಲಾಯಿಸುವುದರಿಂದ ಆಗುತ್ತದೆ ಎಂದು ಈ ಆರು ಸೆಕೆಂಡುಗಳನ್ನು ನೋಡಿದಾಗ ಅನಿಸುತ್ತದೆ.

ವಿಮಾನ ರನ್‌ವೇ ದಾಟಿತು. ಅದರಾಚೆ ಮಾರ್ಗಸೂಚಿ ಆ್ಯಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಲರೆಕ್ಕೆ ಬಡಿಯಿತು. ಬೇಲಿ ಮುರಿದು ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಬೆಳಗ್ಗೆ 6 ಗಂಟೆ 5 ನಿಮಿಷದ ಸುಮಾರು. ಒಡೆದ ಒಡಲಿನ ಬಿರುಕಿನಿಂದ ಹೊರಬಂದು ಬದುಕಿದವರು ಎಂಟು ಜನ.

ತೊಂಬತ್ತೇಳು

ಆ ಕ್ಯಾಪ್ಟನ್ ವಿಚಿತ್ರ ಮನುಷ್ಯ, ಬೇರೆಯವರು ಹೀಗೆ ಮಾಡುತ್ತಿರಲಿಲ್ಲ ಎಂದುಕೊಂಡರೆ ನಮಗೆ ಸಮಾಧಾನ ಸಿಗುತ್ತದೆ. ಅಂಕಿಗಳು ಆ ಸಮಾಧಾನ ಕೊಡುವುದಿಲ್ಲ. ವಿಮಾನ ಸುರಕ್ಷತೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಫ್ಲೈಟ್ ಸೇಫ್ಟಿ ಫೌಂಡೇಶನ್ ಜಗತ್ತಿನ ಹಾರಾಟಗಳನ್ನು ಪರಿಶೀಲಿಸಿ ಕಂಡುಕೊಂಡ ಪ್ರಕಾರ, ಇಳಿಯುವ ಹಂತದಲ್ಲಿ ಸ್ಥಿರತೆ ತಪ್ಪುವುದು ನೂರಕ್ಕೆ ಮೂರೋ ನಾಲ್ಕೋ ಸಲ. ಹಾಗೆ ತಪ್ಪಿದಾಗ ಪೈಲಟ್‌ಗಳು ನಿಯಮದಂತೆ ಮೇಲೇರುವ ಬದಲು ಇಳಿಸಿಯೇ ಬಿಡುವುದು ನೂರಕ್ಕೆ ಸುಮಾರು 97 ಸಲ. ಬಹುಪಾಲು ಎಲ್ಲವೂ ಸುಖವಾಗಿ ಮುಗಿಯುತ್ತವೆ. ಅಪಾಯ ಇರುವುದು ಆ ಸುಖದಲ್ಲಿಯೇ. ಪ್ರತಿ ಸಲ ಪಾರಾದಾಗಲೂ ಮುಂದುವರಿ ಎನ್ನುವ ದನಿಗೆ ಇನ್ನೊಂದು ಗೆಲುವು ಸಿಗುತ್ತದೆ, ಎಚ್ಚರಿಸುವ ದನಿಗೆ ಇನ್ನೊಂದು ಸೋಲು. ಮಂಗಳೂರಿನ ಗುಡ್ಡದ ಮೇಲೆ ಅದಕ್ಕೆ ಬೆಲೆ ಕೊಡಬೇಕಾಗಿ ಬಂತು.

ಹಾಗಾಗಿ ಆ ನಿಮಿಷದಲ್ಲಿ ಯಾವ ದನಿಯನ್ನು ನಂಬಬೇಕಿತ್ತು ಎಂಬ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ. ಆ ನಿಮಿಷದ ಒಳಗೆ ಅದಕ್ಕೆ ಉತ್ತರ ಇಲ್ಲ. ಉತ್ತರ ಇದ್ದದ್ದು ಅದಕ್ಕೂ ಮೊದಲು, ಎದೆ ಹೊಡೆದುಕೊಳ್ಳದ ಹೊತ್ತಿನಲ್ಲಿ. ವಿಮಾನಯಾನದಲ್ಲಿ ಇದಕ್ಕೊಂದು ಬಾಗಿಲು ಇಟ್ಟಿದ್ದಾರೆ. ಮೋಡ ಮುಸುಕಿದಾಗ 1,000 ಅಡಿ, ತಿಳಿಯಾಗಿದ್ದಾಗ 500 ಅಡಿ. ಆ ಎತ್ತರಕ್ಕೆ ಬಂದಾಗ ವೇಗ, ದಾರಿ, ಇಳಿಯುವ ಗತಿ ಎಲ್ಲವೂ ಮಿತಿಯೊಳಗೆ ಇರಬೇಕು. ಒಂದು ತಪ್ಪಿದ್ದರೂ ಮೇಲೇರಬೇಕು. ಅಲ್ಲಿ ಅನಿಸಿಕೆಗೆ ಕೆಲಸವಿಲ್ಲ, ಚರ್ಚೆಗೂ ಇಲ್ಲ. ಇಬ್ಬರಲ್ಲಿ ಯಾರೇ ಆ ಮಾತು ಹೇಳಿದರೂ ಅದು ಸಲಹೆಯಾಗಿ ಉಳಿಯದೆ ನಿರ್ಧಾರವೇ ಆಗಬೇಕು. ಮಂಗಳೂರಿನಲ್ಲಿ ಬಾಗಿಲು ಇತ್ತು. ಅದನ್ನು ಮುಚ್ಚುವ ಅಧಿಕಾರ ಯಾರದು ಎಂಬುದು ಮಾತ್ರ ಮಸುಕಾಗಿತ್ತು.

ನಮ್ಮೂರ ಕಡೆಯ ಓದುಗರಿಗೆ ಇದರ ಸಣ್ಣ ರೂಪ ಚೆನ್ನಾಗಿ ಗೊತ್ತಿರುತ್ತದೆ. ಬೆಂಗಳೂರಿನಿಂದ ರಾತ್ರಿ ಕಾರಿನಲ್ಲಿ ಹೊರಟು, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೇವೆ ಎಂದುಕೊಳ್ಳಿ. ಬೆಳಗಿನ ಜಾವ ಮೂರು ಗಂಟೆ. ಕಾರು ಓಡಿಸುತ್ತಿರುವವರು ಭಾವ. ಅವರ ತಲೆ ಒಮ್ಮೆ ತೂಗಿದ್ದನ್ನು ಪಕ್ಕದಲ್ಲಿ ಕೂತ ನಾವು ಕಂಡೆವು. ನಿಲ್ಲಿಸಿ ಎನ್ನಬೇಕು ಎಂದು ಹೊಟ್ಟೆಯೊಳಗೆ ಏನೋ ಹೇಳುತ್ತದೆ. ಏನು ತಿಳಿದುಕೊಳ್ಳುತ್ತಾರೋ, ಇಷ್ಟು ವರ್ಷ ಓಡಿಸಿದವರಲ್ಲವೇ, ಇನ್ನೇನು ಉಪ್ಪಿನಂಗಡಿ ಬಂದೇ ಬಿಡುತ್ತದೆ ಎಂದು ಅದೇ ಹೊಟ್ಟೆಯೊಳಗಿಂದ ಇನ್ನೊಂದು ಹೇಳುತ್ತದೆ. ಕೊನೆಗೆ ನಾವು ಕೇಳುವುದು: ಭಾವ, ಚಹಾ ಕುಡಿಯೋಣವೇ? ಬೇಡ, ಪರವಾಗಿಲ್ಲ ಎನ್ನುತ್ತಾರೆ ಅವರು. ನಾವು ಸುಮ್ಮನಾಗುತ್ತೇವೆ. ಸಹ ಪೈಲಟ್‌ನ ಸೀಟಿನಲ್ಲಿ ಕೂತವರು ಆಗ ನಾವೇ.

ನಮ್ಮ ಮನೆಯಲ್ಲಿ ಈಗ ಹೊರಡುವ ಮೊದಲೇ ಮಾತಾಗುತ್ತದೆ. ಕಾರಿನಲ್ಲಿರುವ ಯಾರೇ ಆಗಲಿ, ಹತ್ತು ವರ್ಷದ ಮಗುವೇ ಆಗಲಿ, ನಿಲ್ಲಿಸಿ ಎಂದರೆ ಮುಂದೆ ಸಿಗುವ ಬೆಳಕಿರುವ ಜಾಗದಲ್ಲಿ ಕಾರು ನಿಲ್ಲುತ್ತದೆ. ಯಾಕೆ ಎಂದು ನಿಂತ ಮೇಲೆ ಕೇಳಬಹುದು. ಮೊದಮೊದಲು ಹಿರಿಯರಿಗೆ ಇದು ಮುಜುಗರ ಆಯಿತು. ಎರಡು ಸಲ ನಿಜವಾಗಿಯೂ ನಿಂತ ಮೇಲೆ ಮುಜುಗರ ಹೋಯಿತು. ಒಂದು ಸಲ ಮಗು ನಿಲ್ಲಿಸಿದ್ದು ಏನೂ ಕಾರಣವಿಲ್ಲದೆ. ಆ ಸಲವೂ ಯಾರೂ ಗದರಲಿಲ್ಲ. ಗದರಿದ್ದರೆ ಮುಂದಿನ ಸಲ ಆ ಬಾಯಿ ತೆರೆಯುವುದಿಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ತನ್ನ ವರದಿಯಲ್ಲಿ ನೇರ ಕಾರಣವನ್ನು ಎರಡು ಮಾತಿನಲ್ಲಿ ಹೇಳಿತು: ಸ್ಥಿರವಲ್ಲದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ, ಸಹ ಪೈಲಟ್ ಮೂರು ಬಾರಿ ಗೋ ಅರೌಂಡ್ ಎಂದರೂ, ಯಂತ್ರ ಹಲವು ಬಾರಿ ಎಚ್ಚರಿಸಿದರೂ ಮುಂದುವರಿಸಿದರು. ಸ್ಪಷ್ಟವಾದ ತೀರ್ಮಾನ. ಎಲ್ಲರೂ ಓದಿದರು.

2020ರ ಆಗಸ್ಟ್ 7ರ ಸಂಜೆ, ಮಳೆಯಲ್ಲಿ, ಅದೇ ಸಂಸ್ಥೆಯ ಅದೇ ಮಾದರಿಯ ಇನ್ನೊಂದು ವಿಮಾನ ದುಬೈನಿಂದ ಕೋಯಿಕ್ಕೋಡಿಗೆ ಬಂತು. ಅದೂ ಟೇಬಲ್‌ಟಾಪ್ ರನ್‌ವೇ. ಅದರ ಅರ್ಧದ ಹತ್ತಿರ ಚಕ್ರ ಊರಿ, ಅಂಚು ದಾಟಿ ಕೆಳಗೆ ಬಿದ್ದು, ಇಬ್ಬರು ಪೈಲಟ್‌ಗಳು ಸೇರಿ 21 ಜನ ಸತ್ತರು. ಅದರ ತನಿಖಾ ವರದಿಯೂ ಬಂತು. ವಿಮಾನ ಓಡಿಸುತ್ತಿದ್ದ ಪೈಲಟ್ ಸ್ಥಿರವಲ್ಲದ ಇಳಿಕೆಯನ್ನು ಮುಂದುವರಿಸಿದರು. ಪಕ್ಕದ ಪೈಲಟ್ ಗೋ ಅರೌಂಡ್ ಎಂದು ಹೇಳಿದರು. ಆದರೆ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.